ಮೂವತ್ತು ಸೆಕೆಂಡಿನ ಬೀಗ

ತಿಳಿ ಗುಲಾಬಿ, ಹೌದು, ತಿಳಿಯೇ, ಕ್ಲೋರಿನ್ ಹೆಚ್ಚಿದ್ದರೆ ನೀರು ಕಡುಗುಲಾಬಿಯಾಗುತ್ತಿತ್ತು, ಕೆಮಿಸ್ಟ್ ಸಾರ್ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ್ದಾರೆ, ಸರಿಯಾಗಿದೆ ಕಣಮ್ಮ, ದಿನಾ ಇರೋ ಹಾಗೇ ಇದೆ, ಕೂತ್ಕೊ ಮೊದಲು — ಕೂತಳು, ಸ್ಟೂಲಿನ ಒಂದು ಕಾಲು ಗಿಡ್ಡ, ಕುಟುಕುಟು ಎನ್ನುತ್ತದೆ, ಎನ್ನಲಿ, ಇವತ್ತು ಏನು ಬೇಕಾದರೂ ಎನ್ನಲಿ, ಊರಿನ ನೀರಿಗೆ ಎರಡು ಪಾಲು ಕ್ಲೋರಿನ್ ಬಿದ್ದಿಲ್ಲ, ಅವಳು ಬರೆದ ಪ್ರೋಗ್ರಾಮು ಯಾರ ಗಂಟಲನ್ನೂ ಸುಟ್ಟಿಲ್ಲ, ಹೋದ ಜೀವ ಬಂದಂತಾಯಿತು. ಎಷ್ಟು ಗಟ್ಟಿಯಾಗಿ ಹೇಳಿದ್ದಳು ಮೀಟಿಂಗಿನಲ್ಲಿ, ಎರಡು ಸರ್ವರ್‌ನಲ್ಲೂ ಪ್ರೋಗ್ರಾಮು ಇರತ್ತೆ ಸಾರ್, ಒಂದು ಕೆಟ್ರೆ ಇನ್ನೊಂದು, ಆದ್ರೆ ಕ್ಲೋರಿನ್ ಬಿಡೋದು ಒಂದೇ, ಡೇಟಾಬೇಸಲ್ಲಿ ಬೀಗ ಇದೆ — ಬೀಗವೆಂದರೆ ಒಂದೇ ಒಂದು ಸಾಲು, ಅಲ್ಲಿ ಮೊದಲು ತನ್ನ ಹೆಸರು ಬರೆದ ಸರ್ವರ್‌ನದೇ ಕೆಲಸ, ಅದು ನಡುವೆ ಸತ್ತುಹೋದರೆ ಕೆಲಸ ನಿಲ್ಲಬಾರದೆಂದು ಮೂವತ್ತು ಸೆಕೆಂಡಿನ ಗಡುವು, ಆಮೇಲೆ ಇನ್ನೊಂದು ಸರ್ವರ್ ಆ ಬೀಗ ತೆಗೆದುಕೊಳ್ಳಬಹುದು. ಎಲ್ಲರೂ ತಲೆಯಾಡಿಸಿದರು, ಈ ಕೆಮಿಸ್ಟ್ ಸಾರ್ ಒಬ್ಬರು ಕನ್ನಡಕ ಒರೆಸುತ್ತ, ಅಲ್ಲಮ್ಮ, ಅದು ಸತ್ತಿಲ್ಲ, ತೂಕಡಿಸ್ತಿದೆ ಅಂತಿಟ್ಕೊ, ಎಚ್ಚರ ಆದ್ಮೇಲೆ ಬೀಗ ಇನ್ನೂ ನಂದೇ ಅಂದ್ಕೊಳಲ್ವಾ? ಇವರಿಗೇನು ಗೊತ್ತು, ನಿವೃತ್ತಿಗೆ ಎಂಟು ತಿಂಗಳು, ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಡು ಅಂತ ಬರುವವರು, ಪಿರಿಪಿರಿ ತಪ್ಪಲಿ ಎಂದು ಹಲ್ಲು ಕಚ್ಚಿಕೊಂಡು ಬರೆದುಕೊಟ್ಟಳು, ಬೀಗ ಕೈ ಬದಲಾಯಿಸಿದಾಗಲೆಲ್ಲ ಒಂದು ಸಂಖ್ಯೆ ಏರಬೇಕು, ಆದೇಶದ ಜೊತೆ ಅದೂ ಹೋಗಬೇಕು, ಹಳೆಯ ಸಂಖ್ಯೆ ಬಂದರೆ ವಾಲ್ವ್ ತೆರೆಯಬಾರದು.

ಇವತ್ತು ಹತ್ತೂಕಾಲಿಗೆ ಮೊದಲನೆಯ ಸರ್ವರ್ ತೂಕಡಿಸಿಯೇ ಬಿಟ್ಟಿತು, ನಲವತ್ತು ಸೆಕೆಂಡು, ಅಷ್ಟರಲ್ಲಿ ಎರಡನೆಯದು ಬೀಗ ತೆಗೆದುಕೊಂಡು ಕ್ಲೋರಿನ್ ಬಿಟ್ಟಿತು, ಮೊದಲನೆಯದು ಎದ್ದು ತಾನೂ ಬಿಡು ಎಂದಿತು, ಆಫೀಸಿನ ಪರದೆಯಲ್ಲಿ ಎರಡು ಆದೇಶ, ವಾಲ್ವ್ ಎರಡಕ್ಕೂ ತೆರೆಯಿತೋ ಒಂದಕ್ಕೋ ತಿಳಿಯುವುದು ಇಲ್ಲಿ, ಪಂಪ್‌ಹೌಸಿನಲ್ಲಿ ಮಾತ್ರ, ಮೂರು ಮಹಡಿ ಇಳಿದು ಅಂಗಳ ದಾಟಿ ಓಡಿ ಬಂದರೆ ಅಂಗೈಯಗಲದ ಪರದೆಯಲ್ಲಿ, ಸಂಖ್ಯೆ ಹಳೆಯದು, ನಿರಾಕರಿಸಲಾಗಿದೆ. ಇವರು ಅದನ್ನೂ ನಂಬದೆ ಕೊಳವೆಗೆ ನೀರು ಹಿಡಿದರು, ಕಾಲಿಗೆ ಬೀಳಬೇಕು ಇವರಿಗೆ, ಅಕ್ಷರ ಎಷ್ಟು ದೊಡ್ಡದು ಬೇಕೋ ಅಷ್ಟು ಮಾಡಿಕೊಡಬೇಕು. ಎರಡ್ನೇ ಆದೇಶ ಬಂದಾಗ್ಲೇ ಊರಿಗೆ ನೀರು ಬಿಡೋ ಗೇಟು ಮುಚ್ಚಿಸ್ದೆ ಕಣಮ್ಮ, ಯಾವುದಕ್ಕೂ ಇರ್ಲಿ ಅಂತ, ನಿನ್ ಫೋನ್ ಬರತ್ತೆ ಅಂತ ಕಾಯ್ತಿದ್ದೆ — ಕೊಳವೆ ತೊಳೆಯುತ್ತ ಹೇಳುತ್ತಾರೆ, ಆಕ್ಷೇಪಣೆಯೇನೂ ಇಲ್ಲ ದನಿಯಲ್ಲಿ. ಫೋನು ಮಾಡಿದ್ದಳು, ಮೆಟ್ಟಿಲಿಳಿಯುತ್ತಲೇ, ಗಂಡನಿಗೆ, ಸ್ಕೂಲು ಮನೆಯ ಎದುರಿಗೇ, ರೀ, ಈಗ್ಲೇ ಸ್ಕೂಲಿಗೆ ಹೋಗಿ, ಮಗು ಅಲ್ಲಿ ನೀರು ಕುಡೀಬಾರ್ದು, ಯಾಕೆ ಏನಾಯ್ತು, ಕೇಳ್ಬೇಡಿ, ಹೋಗಿ. ಇವರಿಗೆ ಮಾಡಬೇಕೆಂದು ಹೊಳೆಯಲೇ ಇಲ್ಲ, ಗೇಟು ಅಂತ ಒಂದಿದೆ ಎಂದೇ ಹೊಳೆಯಲಿಲ್ಲ, ಈಗ ಸೆರಗಿನಲ್ಲಿ ಬೆವರು ಒರೆಸಿಕೊಂಡು ನೋಡಿದರೆ ಅವನ ಮೆಸೇಜು, ಕರ್ಕೊಂಡು ಬಂದೆ, ಬಾಯಾರಿದೆ ಅಂತ ನಲ್ಲಿ ಹತ್ರ ಸಾಲಲ್ಲಿ ನಿಂತಿದ್ಲು, ಅವಳ ಸರದಿ ಬಂದಿತ್ತು, ಸರಿಯಾದ ಹೊತ್ತಿಗೆ ಹೋದೆ. ಸದ್ಯ, ಅಂದುಕೊಂಡಳು, ಸದ್ಯ, ನೀರು ಸರಿಯಾಗೇ ಇದೆ, ಯಾರಿಗೂ ಏನೂ ಆಗಿಲ್ಲ, ಆದರೆ ಆ ಸಾಲು, ಮಗಳನ್ನು ಎಳೆದುಕೊಂಡ ಜಾಗ ಖಾಲಿ, ಹಿಂದಿದ್ದ ಮಗು ಒಂದು ಹೆಜ್ಜೆ ಮುಂದೆ ಬಂದಿರುತ್ತದೆ, ಬೊಗಸೆ ಒಡ್ಡಿರುತ್ತದೆ, ಅದರ ಹಿಂದೆ ಇನ್ನೊಂದು, ಯಾರ ಮಕ್ಕಳೋ, ನಲ್ಲಿಯ ಕೆಳಗೆ ಆ ಬೊಗಸೆ, ಪುಟ್ಟ ಬೊಗಸೆ