ಸುಂದರಿಯ ಮುಗಿದ ತಾರೀಖು

೧
ಈ ಕಥೆಯನ್ನು ಲೋಕಲ್ ಟ್ರೈನಿನಿಂದ ಶುರು ಮಾಡೋಣವೇ? ಡೊಂಬಿವಲಿಯಲ್ಲಿ ಕೂತು ಬರೆಯುವವನು ಟ್ರೈನು ಬಿಟ್ಟು ಇನ್ನೇನು ಬರೆದಾನು ಎಂದು ನೀವು ನಗುತ್ತೀರಿ. ಸರಿ, ಟ್ರೈನು ಬೇಡ. ಡೇಟಾ ವೇರ್‌ಹೌಸ್‌ನಿಂದ ಶುರು ಮಾಡುತ್ತೇನೆ. (ಏಳಬೇಡಿ, ಕೂತುಕೊಳ್ಳಿ. ಇದರಲ್ಲಿ ಇಡ್ಲಿಯೂ ಬರುತ್ತದೆ.)

೨
ಡೇಟಾ ವೇರ್‌ಹೌಸ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ನಾಲ್ಕು ಕಡೆ ಚದುರಿದ ಮಾಹಿತಿಯನ್ನು ಒಂದೆಡೆ ತಂದು, ಕೇಳಿದ ಪ್ರಶ್ನೆಗೆ ಉತ್ತರ ಸಿಗುವಂತೆ ಜೋಡಿಸಿಡುವುದು, ಅಷ್ಟೆ. ಕಾಪು ಕಡೆಯ ಧರ್ಮಪಾಲರಿಗೆ ಠಾಣೆ, ಡೊಂಬಿವಲಿ, ಕಲ್ಯಾಣ್, ತುರ್ಭೆಗಳಲ್ಲಿ ಒಂದೊಂದು ಅಡುಗೆಮನೆ ಇದೆ. ಕಂಪನಿಗಳ ಕ್ಯಾಂಟೀನುಗಳಿಗೆ ತಿಂಡಿ, ಊಟ ಕಳಿಸುತ್ತಾರೆ. ಅವರ ತಂಗಿಯ ಮಗಳು ಅನುಷ್ಕಾ ನಾಲ್ಕೂ ಕಡೆಯ ದಾಖಲೆಗಳನ್ನು ಮೂರು ತಿಂಗಳು ಕೂತು ಒಟ್ಟು ಹಾಕಿದಳು. ಪರದೆಯ ಮೇಲೆ ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಬಂತು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ನನಗೆ ನೆನಪಾಯಿತು, ಆದರೆ ಅದನ್ನು ಈಗಲೇ ಹೇಳಿದರೆ ನಿಮಗೆ ಓದಲು ಏನೂ ಉಳಿಯುವುದಿಲ್ಲ.

೩
ಖಾರ್ಘರ್‌ನಲ್ಲಿ ಐದನೆಯ ಅಡುಗೆಮನೆ ತೆರೆಯಬೇಕು, ಅದನ್ನು ನಡೆಸಲು ಒಬ್ಬರು ಬೇಕು. ಕಳೆದ ಸಲ ಧರ್ಮಪಾಲರು ತಮ್ಮ ಊರಿನವನನ್ನೇ ಕೂರಿಸಿದರೆಂದು ಎಲ್ಲರೂ ಆಡಿಕೊಂಡಿದ್ದರು. ಆದ್ದರಿಂದ ಈ ಸಲ ಎಲ್ಲರೆದುರು ಮಾತು ಕೊಟ್ಟುಬಿಟ್ಟರು.

"ಯಾರ ಸರ್ವಿಸ್ ಜಾಸ್ತಿಯೋ ಅವರಿಗೆ. ನಾನು ಹೇಳುದಲ್ಲ, ಕಂಪ್ಯೂಟರ್ ಹೇಳ್ತದೆ."

ಕಂಪ್ಯೂಟರ್ ಹೇಳಿತು: ಜಯೇಶ್, ಹದಿನೆಂಟು ವರ್ಷ.

ಠಾಣೆಯ ಅಡುಗೆಮನೆಯಲ್ಲಿ ೧೯೯೯ರಿಂದ ಇಡ್ಲಿಹಿಟ್ಟು ನೋಡಿಕೊಳ್ಳುತ್ತಿರುವ, ಕಾಪು ಕಡೆಯವಳೇ ಆದ ಸುಂದರಿ ಪಟ್ಟಿಯಲ್ಲೇ ಇರಲಿಲ್ಲ. ನಾಲ್ಕನೆಯ ಹೆಸರು ಸೋನಾಲಿ, ಹದಿನೈದು ವರ್ಷ. ಸೋನಾಲಿಯೂ ಅವಳೇ.

೪
ಇದು ಯಾರ ಕುತಂತ್ರವೂ ಅಲ್ಲ. ೨೦೧೦ರಲ್ಲಿ ಸುಂದರಿ ಠಾಣೆಯ ಪಕ್ಕದ ಕಳವಾ ಎಂಬಲ್ಲಿಯ ಮರಾಠಿ ಮನೆಗೆ ಸೊಸೆಯಾಗಿ ಹೋದಳು. ಅಲ್ಲಿಯ ಪದ್ಧತಿಯಂತೆ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಗಂಡ ಅವಳ ಹೊಸ ಹೆಸರು ಬರೆದ. ಕಾಗದಪತ್ರಗಳೆಲ್ಲ ಬದಲಾದವು. ಆಫೀಸಿನ ಆಗಿನ ಗುಮಾಸ್ತ ಸುಂದರಿಯನ್ನು 'ಕೆಲಸ ಬಿಟ್ಟವಳು' ಎಂದು ಬರೆದು, ಮರುದಿನ ಸೋನಾಲಿಯನ್ನು ಹೊಸದಾಗಿ ಸೇರಿಸಿಕೊಂಡ. ಅಡುಗೆಮನೆಯಲ್ಲಿ ಮಾತ್ರ ಎಲ್ಲರೂ ಅವಳನ್ನು ಸುಂದರಕ್ಕ ಎಂದೇ ಕರೆಯುತ್ತಾರೆ.

(ಧಣಿ ಧರ್ಮಪಾಲರಿಗೆ ಇದು ಗೊತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಿತ್ತು. ಆದರೆ ಊರಿನವಳಿಗೇ ಮತ್ತೆ ಮಣೆ ಹಾಕಿದರೆಂಬ ಮಾತು ಬರಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ನ್ಯಾಯವಂತನಾಗಲು ಹೊರಟ ಮನುಷ್ಯನಿಗೆ ಇಂಥ ಮಂಕು ಕವಿಯುವುದುಂಟು.)

೫
ಸುಂದರಿ ತುರ್ಭೆಯ ಆಫೀಸಿಗೆ ಬಂದು ಕೂತಳು. ವಿಷಯ ಕೇಳಿ ಅನುಷ್ಕಾ ನಾಲಿಗೆ ಕಚ್ಚಿಕೊಂಡಳು.

"ಸಾರಿ ಅಕ್ಕಾ. ದೋ ಮಿನಿಟ್ ಕಾ ಕಾಮ್ ಹೈ. ಸುಂದರಿ ಅಂತ ಇರುವಲ್ಲೆಲ್ಲ ಸೋನಾಲಿ ಮಾಡಿಬಿಡ್ತೇನೆ. ಇಪ್ಪತ್ತಾರು ವರ್ಷ ಆಯ್ತು, ನೀವೇ ಫಸ್ಟ್."

ಕಥೆ ಇಲ್ಲಿ ಸುಖವಾಗಿ ಮುಗಿಯಬಹುದಿತ್ತು. ಎರಡನೆಯ ಕರಡಿನಲ್ಲಿ ನಾನು ಮುಗಿಸಿಯೂ ಇದ್ದೆ. ಆದರೆ ಈ ಹೆಂಗಸು ಕುರ್ಚಿ ಬಿಟ್ಟು ಏಳಲಿಲ್ಲ.

"೨೦೦೫ರ ಜುಲೈಯಲ್ಲಿ ನೆರೆ ನೀರು ಬಂತಲ್ಲ ಮಗಾ, ಠಾಣೆ ಸ್ಟೇಷನ್ನಲ್ಲಿ ಸಿಕ್ಕಿಬಿದ್ದವರಿಗೆ ಎರಡು ದಿವಸ ಇಡ್ಲಿ ಬೇಯಿಸಿದ್ದು ಯಾರು ಅಂತ ಬರ್ತದೆ ಇದ್ರಲ್ಲಿ?"

"ಸೋನಾಲಿ."

"ಸೋನಾಲಿ ಆವತ್ತು ಹುಟ್ಟಿಯೇ ಇರ್ಲಿಲ್ಲ."

೫ (ಮತ್ತೊಮ್ಮೆ, ಏಕೆಂದರೆ ಇಲ್ಲಿ ನಾನು ಸಿಕ್ಕಿಬಿದ್ದೆ)
ನಾನು ಮೂಲೆಯಲ್ಲಿ ನಿಂತು ನಗುತ್ತಿದ್ದೆ. ಸುಂದರಿ ನನ್ನ ಕಡೆ ತಿರುಗಿದಳು.

"ನೀವು ನಗ್ಬೇಡಿ. ಮೊದಲನೇ ಕರಡಿನಲ್ಲಿ ನನ್ನ ಹೆಸರು ದಮಯಂತಿ ಅಂತ ಇತ್ತು. ಆಮೇಲೆ ಎಂತ ಮಾಡಿದ್ರಿ?"

"ಫೈಂಡ್ ಅಂಡ್ ರಿಪ್ಲೇಸ್. ದಮಯಂತಿ ಇದ್ದಲ್ಲೆಲ್ಲ ಸುಂದರಿ," ಎಂದೆ.

"ಅವಳು ರುಬ್ಬುವಾಗ ತುಳುವಿನ ಹಾಡು, ಪಾಡ್ದನ ಹೇಳ್ತಿದ್ಳು. ಅದು ಎಲ್ಲಿಗೆ ಹೋಯ್ತು?"

ಸಂಪಾದಕರು ಆರುನೂರೈವತ್ತು ಪದ ದಾಟಬಾರದು ಅಂದಿದ್ದಾರೆ ಎಂದು ಗೊಣಗಿದೆ. ಅವಳು ನಂಬಲಿಲ್ಲ. ನಾನೂ ನಂಬಿರಲಿಲ್ಲ.

೭
(ಆರನೆಯದು ಜಯೇಶ್‌ನ ಭಾಗ. ಅವನೇ ತೆಗೆಸಿದ. "ನನಗೆ ಹಿಟ್ಟಿನ ಹದ ಕಲಿಸಿದ್ದು ಸುಂದರಕ್ಕ. ಈ ಪಟ್ಟಿ ಹಿಡ್ಕೊಂಡು ಅವರ ಎದುರು ಹೇಗೆ ನಿಲ್ಲುದು?" ಎಂದ. ಖಳನಾಯಕನೂ ಕೈಕೊಟ್ಟ.)

ಅನುಷ್ಕಾ ಡೇಟಾ ವೇರ್‌ಹೌಸ್ ವಿದ್ಯೆಯ ಒಳ್ಳೆಯ ನಿಯಮಕ್ಕೆ ಮರಳಿದಳು. ಹಳೆಯದನ್ನು ಅಳಿಸಿ ಬರೆಯಬಾರದು. ಹಳೆಯ ಸಾಲಿಗೆ ಮುಗಿದ ತಾರೀಖು ಹಾಕಿ, ಕೆಳಗೆ ಹೊಸ ಸಾಲು ಸೇರಿಸಬೇಕು. ಸುಂದರಿ, ೧೯೯೯ರಿಂದ ೨೦೧೦ರವರೆಗೆ. ಸೋನಾಲಿ, ೨೦೧೦ರಿಂದ, ಮುಗಿದ ತಾರೀಖಿನ ಖಾನೆ ಖಾಲಿ, ಅಂದರೆ ಆ ಸಾಲು ಇನ್ನೂ ತೆರೆದಿದೆ. ಎರಡಕ್ಕೂ ಒಂದೇ ಸಂಖ್ಯೆ, ನಲವತ್ತೇಳು. ಆ ಸಂಖ್ಯೆಗೆ ಯಾವ ಅರ್ಥವೂ ಇಲ್ಲ, ಹಾಗಾಗಿ ಯಾವ ಮದುವೆಯೂ ಅದನ್ನು ಬದಲಿಸುವುದಿಲ್ಲ.

ಪಟ್ಟಿ ಮತ್ತೆ ಬಂತು. ನಲವತ್ತೇಳು, ಇಪ್ಪತ್ತಾರು ವರ್ಷ, ಮೊದಲ ಸ್ಥಾನ. ಧರ್ಮಪಾಲರಿಗೆ ಫೋನ್ ಹೋಯಿತು.

"ಕಂಪ್ಯೂಟರೇ ಹೇಳಿತಾ?"

"ಹಾಂ ಮಾವಾ."

"ಅಬ್ಬ. ಹಾಗಾದ್ರೆ ಖಾರ್ಘರ್ ಅವಳಿಗೇ."

ನನಗೂ ಖುಷಿಯಾಯಿತು. ಮುಚ್ಚಿಡುವುದೇಕೆ, ಕಣ್ಣು ಸ್ವಲ್ಪ ಒದ್ದೆಯೂ ಆಯಿತು.

೮
ಸುಂದರಿ ಇನ್ನೂ ಪರದೆಯನ್ನೇ ನೋಡುತ್ತಿದ್ದಳು.

"ಸುಂದರಿಯ ಎದುರು ಇದೆಂತ, ೨೦೧೦?"

"ಅದು ಮುಗಿದ ತಾರೀಖು ಅಕ್ಕಾ. ಒಬ್ಬರಿಗೆ ಒಂದೇ ಸಾಲು ಓಪನ್ ಇರ್ಬೇಕು. ರೂಲ್ ಹೈ."

"ನನ್ನ ಅಮ್ಮ ಈಗಲೂ ಫೋನ್ ಮಾಡಿ ಸುಂದರೀ ಅಂತಲೇ ಕರೆಯುದು. ಕಳವಾಕ್ಕೆ ಹೋದ್ರೆ ಸೋನಾಲಿ. ಅಲ್ಲಿ ನನ್ನನ್ನು ಚೆನ್ನಾಗೇ ನೋಡ್ಕೊಳ್ತಾರೆ, ಸುಳ್ಳು ಹೇಳ್ಬಾರ್ದು. ಆದ್ರೆ ಸುಂದರಿ ಮುಗಿದ್ಳು ಅಂತ ನಿಂಗೆ ಯಾರು ಹೇಳಿದ್ರು?"

ಅನುಷ್ಕಾ ಕೀಬೋರ್ಡು ಹತ್ತಿರ ಎಳೆದುಕೊಂಡಳು. ಅವಳು ಆ ತಾರೀಖನ್ನು ಅಳಿಸಿದಳು.

೯
ಈಗ ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ. ಸುಂದರಿ ಹೋದ ಮೇಲೆ ಅನುಷ್ಕಾ ತಾರೀಖನ್ನು ಮತ್ತೆ ಹಾಕಿಬಿಟ್ಟಳು. ಅಥವಾ ಖಾರ್ಘರ್‌ನ ಬೋರ್ಡಿನಲ್ಲಿ ಎರಡೂ ಹೆಸರು ಬರೆಸಿದರು. ಎರಡನ್ನೂ ಸುಂದರಿಗೆ ಓದಿ ಹೇಳಿದೆ. "ಮುಗಿಸ್ಲಿಕ್ಕೆ ನಿಮಗೆಂತ ಅಷ್ಟು ಅರ್ಜೆಂಟ್?" ಎಂದಳು.

ಮೊದಲ ಕರಡನ್ನು ಹುಡುಕಿ ತೆಗೆದೆ. ದಮಯಂತಿ ಅಲ್ಲೇ ಇದ್ದಳು, ಪಾಡ್ದನದ ಅರ್ಧದಲ್ಲಿ. ಕರಡನ್ನು ಬೇರೆಯಾಗಿಯೇ ಉಳಿಸಿದ್ದೇನೆ.

ಇಷ್ಟು ಮಾತ್ರ ಗೊತ್ತು. ದಿನಾ ಬೆಳಿಗ್ಗೆ ಏಳಕ್ಕೆ, ಖಾರ್ಘರ್‌ನಲ್ಲಿ ಮೊದಲ ಇಡ್ಲಿ ಇಳಿಯುವ ಹೊತ್ತಿಗೆ, ತುರ್ಭೆಯ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ಗುರುತು ಬರುತ್ತದೆ: ನಲವತ್ತೇಳಕ್ಕೆ ಎರಡು ಸಾಲು ತೆರೆದಿವೆ, ಒಂದನ್ನು ಮುಚ್ಚಿ.

"ಎಂತದು ಮಾರಾಯ್ತಿ, ಆ ಕೆಂಪು?" ಎಂದು ಧರ್ಮಪಾಲರು ಕೇಳುತ್ತಾರೆ.

"ಇರ್ಲಿ ಮಾವಾ," ಎನ್ನುತ್ತಾಳೆ ಅನುಷ್ಕಾ. "ಅದು ಸುಂದರಕ್ಕ."