ಬಾಡಿಗೆ ಕಟ್ಟಿದವಳ ಹೆಸರು

ಕಂಡವರ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಡುವ ಪರದೆಯಕ್ಕ ತನ್ನ ಮನೆಯ ಕಿಟಕಿಗೆ ಮಾತ್ರ ಹಗ್ಗ ಕಟ್ಟಿ ಬಟ್ಟೆ ಇಳಿಬಿಟ್ಟಿದ್ದಳು. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕೆಳಗಿನ ಮನೆಯ ಓನರಮ್ಮನ ಕಿವಿ ಎಷ್ಟು ಚುರುಕೆಂದರೆ, ಮೇಲೆ ಸುತ್ತಿಗೆ ಕೈಗೆತ್ತಿಕೊಂಡರೆ ಸಾಕು, ಕೆಳಗೆ ಅವರ ಕೆಮ್ಮು ಶುರುವಾಗುತ್ತಿತ್ತು.

ಆ ಓನರಮ್ಮನೇ ಕಳೆದ ವರ್ಷ ಕರೆದು, "ಮೇಲಿನ ಮನೆ ಮಾರ್ತೀನಮ್ಮ. ಬೇರೆಯವರಿಗೆ ಹೇಳೋ ಮೊದಲು ನಿನಗೆ ಹೇಳ್ತಿದೀನಿ" ಅಂದಾಗ ಅಕ್ಕನ ಎದೆ ಹೊಲಿಗೆ ಮಷೀನಿನ ಹಾಗೆ ಓಡಿತ್ತು. ಕೈಯಲ್ಲಿ ಒಂದಿಷ್ಟು ಉಳಿತಾಯವಿತ್ತು. ಮಿಕ್ಕಿದ್ದಕ್ಕೆ ಸಾಲ ಬೇಕು. ಬ್ಯಾಂಕಿನಲ್ಲಿ ಸಾಲ ನೋಡಿಕೊಳ್ಳುವ ಮೇಡಂ ಕಂಪ್ಯೂಟರ್ ತಡಕಾಡಿ ತಲೆಯಲ್ಲಾಡಿಸಿದರು.

"ನಿಮ್ಮ ಹೆಸರಲ್ಲಿ ಏನೂ ಸಿಗ್ತಿಲ್ಲ. ಹಿಂದೆ ಯಾವಾಗಾದ್ರೂ ಸಾಲ ಮಾಡಿ ತೀರಿಸಿದೀರಾ?"

"ಒಬ್ಬರ ಮುಂದೆ ಕೈ ಚಾಚಿದವಳಲ್ಲ ನಾನು!"

"ಅದೇ ಕಷ್ಟ. ಚಾಚಿದ್ರೆ ತಾನೆ ನಿಮ್ಮ ಕೈ ಎಂಥದ್ದು ಅಂತ ನಮಗೆ ಗೊತ್ತಾಗೋದು?"

ದಾರಿಯನ್ನೂ ಅವರೇ ಹೇಳಿಕೊಟ್ಟರು. ಬಾಡಿಗೆಯನ್ನು ಕೈಯಲ್ಲಿ ಕೊಡುವ ಬದಲು ಬ್ಯಾಂಕಿನ ಮೂಲಕ ಒಂದು ವರ್ಷ ತಪ್ಪದೆ ಕಟ್ಟಿದರೆ ಅದೂ ದಾಖಲೆಗೆ ಬರುತ್ತದೆ, ಹೆಸರಿನ ಮೇಲೆ ನಂಬಿಕೆ ಹುಟ್ಟುತ್ತದೆ. ಅಲ್ಲಿಯವರೆಗೆ ಕಾಯಲು ಓನರಮ್ಮನೂ ಗೊಣಗುತ್ತಲೇ ಒಪ್ಪಿದರು. ಆದರೆ ಫೋನಿನ ವ್ಯವಹಾರವೆಂದರೆ ಅಕ್ಕನಿಗೆ ಅಷ್ಟಕ್ಕಷ್ಟೇ. ಜೊತೆಗಿದ್ದ ತಮ್ಮನ ಕೈಗೆ ತಿಂಗಳು ತಿಂಗಳೂ ದುಡ್ಡು ಕೊಟ್ಟಳು, ಅವನು ತನ್ನ ಫೋನಿನಿಂದ ಕಳಿಸಿದ. ಕಣ್ಣು ಉರಿಯುವಷ್ಟು ಹೊಲಿದಳು. ಚಪ್ಪಲಿ ಕಿತ್ತರೆ ಅದನ್ನೂ ಹೊಲಿದುಕೊಂಡಳು.

ವರ್ಷ ತುಂಬಿದ ಮೇಲೆ ಹೋದರೆ, ಮೇಡಂ ಕಂಪ್ಯೂಟರ್ ನೋಡಿ ಹೇಳಿದರು: "ನಿಮ್ಮ ತಮ್ಮನ ದಾಖಲೆ ತುಂಬಾ ಚೆನ್ನಾಗಿದೆ."

ಖಾತೆ ತಮ್ಮನದು. ಬಾಡಿಗೆ ಕರಾರೂ ಅವನದೇ ಹೆಸರಿನಲ್ಲಿತ್ತು. ಮನೆಗೆ ಬಂದ ದಿನ ಓನರಮ್ಮ, "ಗಂಡಸಿನ ಹೆಸರಿರಲಿ" ಅಂದಿದ್ದರು, ಅಕ್ಕ ಹೂಂ ಅಂದಿದ್ದಳು. ಆಗ ಅದೊಂದು ದೊಡ್ಡ ಮಾತು ಅಂತಲೇ ಅನ್ನಿಸಿರಲಿಲ್ಲ.

"ಅದಕ್ಯಾಕೆ ಮುಖ ಸಣ್ಣ ಮಾಡ್ತೀಯಾ?" ಅಂದ ತಮ್ಮ. "ನನ್ನ ಹೆಸರಲ್ಲೇ ಸಾಲ ತಗೊಳೋಣ. ಮನೆ ನನ್ನ ಹೆಸರಲ್ಲಿರುತ್ತೆ, ಅಷ್ಟೇ. ನೀನು ಬೇರೆ, ನಾನು ಬೇರೆನಾ?"

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅಪ್ಪನ ಮನೆ, ಆಮೇಲೆ ಗಂಡನ ಮನೆ, ಇನ್ನು ತಮ್ಮನ ಮನೆ. ಎಲ್ಲ ಕಡೆಯೂ ತನ್ನನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದರು. ಇಟ್ಟುಕೊಳ್ಳುವ ಆ ಮಾತೇ ಅವಳಿಗೆ ಈಗ ಮುಳ್ಳಿನಂತೆ ಚುಚ್ಚಿತು.

"ಬೇರೆ ಅಲ್ಲ ಅಂದ್ಮೇಲೆ ನನ್ನ ಹೆಸರಲ್ಲೇ ಇರಲಿ ಬಿಡು" ಅಂದಳು.

ಅಕ್ಕ ಸರಸರ ಮೆಟ್ಟಿಲಿಳಿದಳು.

"ಕರಾರು ನನ್ನ ಹೆಸರಿಗೆ ಮಾಡಿಕೊಡಿ ಅಮ್ಮಾ. ಮೊದಲಿಂದ ಶುರು ಮಾಡ್ತೀನಿ. ಇನ್ನೊಂದು ವರ್ಷ ಕಾಯಬೇಕು ನೀವು."

"ಇನ್ನೂ ಒಂದು ವರ್ಷವಾ? ಮೊನ್ನೆ ತಾನೆ ಒಬ್ಬ ಬಂದು ಒಳ್ಳೆ ಬೆಲೆ ಹೇಳಿ ಹೋದ. ನಾನೇನು ಛತ್ರ ನಡೆಸ್ತಿದೀನಾ?"

"ಗಂಡಸಿನ ಹೆಸರು ಬೇಕು ಅಂದವರು ನೀವು, ಹೂಂ ಅಂದವಳು ನಾನು. ಇಬ್ಬರ ತಪ್ಪಿಗೆ ನಾನೊಬ್ಬಳೇ ಯಾಕೆ ಮನೆ ಕಳ್ಕೊಳ್ಳಲಿ?"

ಓನರಮ್ಮ ಕೆಮ್ಮಲಿಲ್ಲ. ಕಿಟಕಿಯ ಪರದೆಯ ಅಂಚು ಸವರುತ್ತ ಕೂತರು. ಅದನ್ನು ಹೊಲಿದವಳೂ ಅಕ್ಕನೇ.

"ಈ ಮನೆ ಕಾಗದದಲ್ಲಿ ನನ್ನ ಹೆಸರು ಬಂದಿದ್ದು ಯಾವಾಗ ಗೊತ್ತಾ? ನಮ್ಮನೆಯವರು ಹೋದ ಮೇಲೆ. ಅಲ್ಲೀತನಕ ಕಸ ಗುಡಿಸೋಕೆ ಮಾತ್ರ ಇದು ನಂದು." ಆಮೇಲೆ ದನಿ ಗಟ್ಟಿ ಮಾಡಿಕೊಂಡರು. "ಒಂದೇ ವರ್ಷ. ಒಂದು ತಿಂಗಳು ತಪ್ಪಿದ್ರೂ ಮೊನ್ನೆ ಬಂದವನಿಗೆ ಮಾರಿಬಿಡ್ತೀನಿ."

"ತಪ್ಪಲ್ಲ."

ಹೊಸ ಕರಾರಿನಲ್ಲಿ ಅಕ್ಕ ತನ್ನ ಹೆಸರನ್ನು ಪೂರ್ತಿಯಾಗಿ, ಬಿಡಿಸಿ ಬರೆದಳು. ತಿಂಗಳ ಮೊದಲ ದಿನ, ತನ್ನ ಖಾತೆ ಸೇರಿಸಿದ ಫೋನು ಹಿಡಿದು ಕೂತಳು. ಎಲ್ಲಿ ಒತ್ತಬೇಕೆಂದು ಹುಡುಕಾಡುವುದು ಕಂಡು ತಮ್ಮ ಕೈ ಚಾಚಿದ.

"ಕೊಡಕ್ಕಾ, ನಾನೇ ಒತ್ತುತೀನಿ."

"ಕೈ ತೆಗಿ. ಎಲ್ಲಿ ಅಂತ ತೋರಿಸು, ಸಾಕು."

ಒತ್ತಿದಳು. ಕೆಳಗೆ ಓನರಮ್ಮನ ಫೋನು ಟಣ್ ಅಂದಿತು. "ಬಂತು ಕಣೇ!" ಎಂಬ ಕೂಗು ನೆಲ ದಾಟಿ ಮೇಲೆ ಬಂತು.

ಅಕ್ಕ ಎದ್ದು ಟೇಪು ಹಿಡಿದು ತನ್ನ ಕಿಟಕಿಯ ಅಗಲ ಅಳೆದಳು. ಮೊಳೆ ಬರಬೇಕಾದ ಜಾಗದಲ್ಲಿ, ಬಟ್ಟೆಯ ಮೇಲೆ ಗೀರುವ ಸೀಮೆಸುಣ್ಣದಿಂದಲೇ ಎರಡೂ ಕಡೆ ಗುರುತು ಹಾಕಿದಳು.

"ಇದಕ್ಕೂ ಕೆಮ್ತಾರೆ ನೋಡು" ಅಂದ ತಮ್ಮ.

"ಸೀಮೆಸುಣ್ಣ ಸದ್ದು ಮಾಡಲ್ಲ" ಅಂದಳು ಅಕ್ಕ. "ಸದ್ದು ಮುಂದಿನ ವರ್ಷ."