ಬ್ರೆಡ್ಡು ಬೇಯಿಸುವ ಬೋಗುಣಿ

ನಾನು ಏಳು ಕಿಲೋ ತೂಕದ ಎರಕದ ಕಬ್ಬಿಣದ ಬೋಗುಣಿ. ಮುಚ್ಚಳವನ್ನೂ ಸೇರಿಸಿ ಹೇಳುತ್ತಿದ್ದೇನೆ. ಅದಿಲ್ಲದೆ ನನಗೆ ಬೆಲೆಯಿಲ್ಲ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ, ನೀರಿನ ಪಂಪುಗಳ ಬಿಡಿಭಾಗ ಎರೆಯುವ ಮರಳಿನಲ್ಲಿ ನಾನು ಹುಟ್ಟಿದೆ. ನನ್ನ ಜೊತೆಗೆ ಹುಟ್ಟಿದವರೆಲ್ಲ ಹೊಲಗಳಿಗೆ ನೀರೆತ್ತಲು ಹೋದರು. ನನ್ನ ಮುಚ್ಚಳಕ್ಕೆ ಮಾತ್ರ ಸುತ್ತಲೂ ಎರಡು ಬೆರಳೆತ್ತರದ ಅಂಚು ಇತ್ತು.

"ಇದ್ಯಾತಕ್ಕಪಾ, ಮುಚ್ಚಳದ ಮ್ಯಾಲೆ ಕಟ್ಟಿ?" ಎಂದು ನನ್ನನ್ನು ಎರೆದವನೇ ನಕ್ಕಿದ್ದ. ಕೆಂಡ ಇಡುವುದಕ್ಕೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನನ್ನನ್ನು ಹೇಳಿ ಮಾಡಿಸಿದವಳು ಗದಗಿನ ಆಸ್ಪತ್ರೆಯೊಂದರಲ್ಲಿದ್ದ ಐರ್ಲೆಂಡಿನ ನರ್ಸಮ್ಮ. ಅವಳ ಊರಿನಲ್ಲಿ ಬೆಳಗಿನ ತಿಂಡಿಗೆ ಹುಳಿ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಉಬ್ಬಿಸುವ ಬ್ರೆಡ್ಡೊಂದನ್ನು ಮಾಡುತ್ತಾರಂತೆ. ಇಲ್ಲಿ ಓವನ್ ಎಲ್ಲಿಂದ ಬರಬೇಕು? ಇದ್ದಿಲ ಶೆಗಡಿಯ ಮೇಲೆ ನಾನು, ನನ್ನ ತಲೆಯ ಮೇಲೆ ಕೆಂಡ, ಹೊಟ್ಟೆಯಲ್ಲಿ ಹಿಟ್ಟು. ಮುಕ್ಕಾಲು ಗಂಟೆಗೆ ಬ್ರೆಡ್ಡು ತಯಾರು. ನರ್ಸಮ್ಮ ತನ್ನ ದೇಶಕ್ಕೆ ಮರಳುವಾಗ, ಕೈಕೆಳಗೆ ಕಲಿತ ದೀನಾ ಎಂಬ ಹುಡುಗಿಗೆ ನನ್ನನ್ನೂ ಆ ಬ್ರೆಡ್ಡು ಮಾಡುವ ಬಗೆಯನ್ನೂ ಕೊಟ್ಟು ಹೋದಳು.

ದೀನಾ ಆ ಬ್ರೆಡ್ಡನ್ನು ಗದಗಿನದೇ ಮಾಡಿಬಿಟ್ಟಳು. ಅರ್ಧ ಮೈದಾ, ಅರ್ಧ ಗೋಧಿಹಿಟ್ಟು, ವಿಜಾಪುರದ ಒಣದ್ರಾಕ್ಷಿ, ಹೆಚ್ಚಿದ ಖರ್ಜೂರ, ಒಂದು ಹಿಡಿ ಪುಡಿಬೆಲ್ಲ. ಅವಳ ಗಂಡ ಆನಂದ ಛಾಪಖಾನೆಯಲ್ಲಿ ಮಷೀನು ನಡೆಸುತ್ತಿದ್ದ. ಮಗಳು ಬ್ಯೂಲಾ. ಪ್ರತಿ ರವಿವಾರ ಚರ್ಚಿಗೆ ಹೋಗುವ ಮುನ್ನ ಈ ಮೂವರ ತಿಂಡಿ ನನ್ನ ಹೊಟ್ಟೆಯಿಂದಲೇ ಬರಬೇಕು. ಮಗಳಿಗೆ ಎರಡು ಕೆಲಸವಿತ್ತು. ಹಿಟ್ಟಿನ ಉಂಡೆಯ ನೆತ್ತಿಯ ಮೇಲೆ ಚಾಕುವಿನಿಂದ ಅಡ್ಡಕ್ಕೊಂದು, ಉದ್ದಕ್ಕೊಂದು ಗೀರು ಹಾಕುವುದು. ಬೆಂದ ಮೇಲೆ ದೀನಾ ಬ್ರೆಡ್ಡನ್ನು ತಿರುವಿ ಹಾಕಿ ತಳಕ್ಕೆ ಬಾಗಿಲು ಬಡಿದ ಹಾಗೆ ಬಡಿಯುತ್ತಿದ್ದಳು, ಆಗ ಕಿವಿಗೊಟ್ಟು ಕೇಳುವುದು.

"ಒಳಗ ಯಾರರೆ ಅದಾರೇನು?"

"ಯಾರೂ ಇಲ್ಲ ಮಮ್ಮಿ! ಖಾಲಿ ಐತಿ!"

ಪೊಳ್ಳು ಸದ್ದು ಬಂದರೆ ಬ್ರೆಡ್ಡು ಬೆಂದಿದೆ ಎಂದು ಅರ್ಥ. ಇದು ಅವರ ಆಟ, ನನಗಂತೂ ವಾರವೆಲ್ಲ ಕಾಯುವಷ್ಟು ಇಷ್ಟದ ಆಟ.

ಬ್ಯೂಲಾಳಿಗೆ ಎಂಟು ತುಂಬಿದ ವರ್ಷ ದೀನಾ ಕಾಮಾಲೆಯಿಂದ ತೀರಿಕೊಂಡಳು. ಇದನ್ನು ಇನ್ನೂ ಉದ್ದಕ್ಕೆ ಹೇಳಲು ನನ್ನಿಂದಾಗದು. ಆನಂದ ನನ್ನನ್ನು ಅಡುಗೆಮನೆಯ ಅಟ್ಟಕ್ಕೇರಿಸಿದ. ಹಳೆಯ ಕ್ಯಾಲೆಂಡರುಗಳ ಕೆಳಗೆ ಎರಡು ವರ್ಷ ತುಕ್ಕು ಹಿಡಿಯುತ್ತ ಬಿದ್ದಿದ್ದೆ.

ಆಮೇಲೆ ಆ ಮನೆಗೆ ಆನಂದನ ಎರಡನೆಯ ಹೆಂಡತಿಯಾಗಿ ಕರುಣವ್ವ ಬಂದಳು. ಬೆಟಗೇರಿಯಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವಳು. ಅವಳ ಕೈ ಎಂದರೆ ಕೈ! ಹಿಟ್ಟು ನಾದಲು ಕೂತಳೆಂದರೆ ಹಿಟ್ಟಿನ ಪರಾತವೇ ಹೆದರಿ ಹಿಂದೆ ಸರಿಯುತ್ತಿತ್ತು. ಅಟ್ಟದ ಮೇಲಿಂದ ಇಣುಕಿ ನೋಡುತ್ತಿದ್ದ ನನಗೆ, ಕಬ್ಬಿಣದವನಾದ ನನಗೂ, ಆ ಕೈಯ ಬಲ ಕಂಡು ಮೆಚ್ಚುಗೆಯಾಗಿತ್ತು.

ಅವಳು ಬಡಿದ ರೊಟ್ಟಿಯನ್ನು ಬ್ಯೂಲಾ ಮುಟ್ಟಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಬೆಳಿಗ್ಗೆ ತಾಟಿನ ಮುಂದೆ ಕೂತು "ನಂಗ ಹಸಿವಿಲ್ರಿ" ಎನ್ನುವುದು, ಡಬ್ಬಿಯಿಂದ ಎರಡು ಬೇಕರಿ ಟೋಸ್ಟು ತೆಗೆದು ಚಹಾದಲ್ಲಿ ಅದ್ದಿ ತಿನ್ನುವುದು, ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುವುದು. ಬೇರೆಯವರ ಮನೆಗೆ ಬಂದು ಉಳಿದವರ ಹಾಗೆ ಮಹಾ ಮರ್ಯಾದೆ. ಹತ್ತು ವರ್ಷದ ಮಗುವಿನ ಆ ಮರ್ಯಾದೆ ಕರುಣವ್ವನಿಂದ ಸಹಿಸಲಾಗುತ್ತಿರಲಿಲ್ಲ.

"ಬೈದಿದ್ರೂ ಚಲೋ ಇತ್ರಿ," ಎಂದಳು ಒಂದು ದಿನ ಗಂಡನಿಗೆ. "ನನ್ನ ಕೈಯಾಗಿಂದು ಒಂದು ತುತ್ತು ತಿಂದ್ರ ಸಾಕಾಗೇತಿ. ಆಕಿಗೆ ಏನಂದ್ರ ಇಷ್ಟ, ಅದರೆ ಹೇಳ್ರಿ."

ಆನಂದ ತಲೆಯೆತ್ತಿ ಅಟ್ಟದ ಕಡೆ ನೋಡಿದ. "ಅವರವ್ವ ರವಿವಾರಕ್ಕೊಮ್ಮೆ ಬ್ರೆಡ್ ಮಾಡ್ತಿದ್ಲು. ಮೈದಾ, ಗೋದಿಹಿಟ್ಟು, ಹುಳಿ ಮಜ್ಜಗಿ, ಸೋಡಾ, ದ್ರಾಕ್ಷಿ... ಅಷ್ಟ ಗೊತ್ತು. ನಾ ತಿಂದಾವ, ಮಾಡಿದಾವ ಅಲ್ಲ."

ಮರುದಿನವೇ ನಾನು ಅಟ್ಟದಿಂದ ಇಳಿದೆ. ಕರುಣವ್ವ ಮೂರು ದಿನ ಬೂದಿ ಹಚ್ಚಿ, ತೆಂಗಿನ ನಾರಿನಿಂದ ನನ್ನನ್ನು ತಿಕ್ಕಿದಳು. ತುಕ್ಕು ಹೋಗಿ ಕಪ್ಪು ಹೊಳಪು ಬಂದ ಮೇಲೆ ಎಣ್ಣೆ ಸವರಿದಳು. ಹುಟ್ಟಿದ ಮೇಲೆ ನನಗೆ ಅಷ್ಟು ಚೆನ್ನಾಗಿ ಎಣ್ಣೆನೀರು ಎರೆದವರಿಲ್ಲ.

ರವಿವಾರ ಬಂತು. ಅವಳು ಎಲ್ಲವನ್ನೂ ಸರಿಯಾಗಿಯೇ ಅಳೆದಳು. ಆಮೇಲೆ, ಅಯ್ಯೋ, ನಾದಲು ಕೂತಳು! ಮೊಣಕಾಲೂರಿ, ಅಂಗೈಯ ಬುಡ ಒತ್ತಿ, ಅರ್ಧ ಗಂಟೆ ನಾದಿದಳು. ನಾದಿ, ಒದ್ದೆ ಬಟ್ಟೆ ಮುಚ್ಚಿ, ಹಿಟ್ಟು ನೆನೆಯಲಿ ಎಂದು ಒಂದು ತಾಸು ಬಿಟ್ಟಳು. ಸೋಡಾ ಮತ್ತು ಮಜ್ಜಿಗೆ ಕೂಡಿದ ಕ್ಷಣವೇ ಹಿಟ್ಟು ಉಸಿರಾಡತೊಡಗುತ್ತದೆ, ಆ ಉಸಿರು ಆರುವ ಮೊದಲು ಅದು ಬೆಂಕಿಗೆ ಬೀಳಬೇಕು. ಇದು ನನಗೆ ಗೊತ್ತು. ಆದರೆ ನನಗಿರುವ ಬಾಯಿ ಹಿಟ್ಟು ಹಾಕಿಸಿಕೊಳ್ಳುವ ಬಾಯಿ, ಮಾತಾಡುವ ಬಾಯಲ್ಲ. ಮುಚ್ಚಳ ತೆರೆದಾಗ ಒಳಗೆ ಒಂದು ಗುಂಡುಕಲ್ಲು ಕೂತಿತ್ತು. ಆನಂದ ಕಚ್ಚಿ, ದವಡೆ ಹಿಡಿದುಕೊಂಡು ಎದ್ದ. ಬ್ಯೂಲಾ ಒಮ್ಮೆ ನೋಡಿ ಟೋಸ್ಟಿನ ಡಬ್ಬಿಗೆ ಕೈ ಹಾಕಿದಳು.

"ನಾದಿದ್ದು ಕಡಿಮಿ ಬಿತ್ತು ಕಾಣಸ್ತೈತಿ," ಎಂದಳು ಕರುಣವ್ವ.

ರೊಟ್ಟಿಯವಳಿಗೆ ಬೇರೆ ಏನು ಹೊಳೆದೀತು? ಹಿಟ್ಟು ಕೆಟ್ಟರೆ ನಾದಿದ್ದು ಸಾಲದು, ಅವಳ ಜೀವಮಾನದ ವಿದ್ಯೆ ಅದೊಂದೇ. ಎರಡನೆಯ ರವಿವಾರ ಒಂದು ಗಂಟೆ ನಾದಿದಳು. ಮೂರನೆಯ ರವಿವಾರ ಸೆರಗು ಸೊಂಟಕ್ಕೆ ಸಿಗಿಸಿ, ಬೆವರಿಳಿಯುವ ತನಕ ಗುದ್ದಿದಳು. ಒಂದಕ್ಕಿಂತ ಒಂದು ಗಟ್ಟಿ. ಪಕ್ಕದ ಮನೆಯ ನಾಯಿ ಕೂಡ ಮೂಸಿ ನೋಡಿ ಹೋಯಿತು.

ಹೊಗಳುವುದು ನನ್ನ ಸ್ವಭಾವವಲ್ಲ, ಕಬ್ಬಿಣದ ಜಾತಿ. ಆದರೂ ಈ ಹೆಂಗಸನ್ನು ನಾನು ಹೊಗಳದೆ ಇರಲಾರೆ. ಮೂರು ಸಲ ಸೋತರೂ ಆ ಮಗುವಿನ ಮುಂದೆ ಒಮ್ಮೆಯೂ ಮುಖ ಗಂಟು ಹಾಕಲಿಲ್ಲ, ನಿನಗಾಗಿ ಇಷ್ಟು ಕಷ್ಟಪಟ್ಟೆ ಎಂಬ ಮಾತನ್ನು ತುಟಿಯ ಹತ್ತಿರಕ್ಕೂ ತರಲಿಲ್ಲ. ಆ ಕಲ್ಲುಗಳನ್ನು ಎಸೆಯಲೂ ಇಲ್ಲ. ಸೋಮವಾರ, ಮಂಗಳವಾರ, ಬುಧವಾರ, ಚೂರು ಚೂರು ಒಡೆದು ಹಾಲಿನಲ್ಲಿ ನೆನೆಸಿ, ಬಾಗಿಲ ಹಿಂದೆ ಕೂತು ತಾನೊಬ್ಬಳೇ ತಿನ್ನುತ್ತಿದ್ದಳು. ನೀರು ಕುಡಿಯಲು ಬಂದ ಬ್ಯೂಲಾ ಅದನ್ನು ಕಂಡಳು. ಒಂದು ಸಲವಲ್ಲ, ದಿನವೂ ಕಂಡಳು.

ನಾಲ್ಕನೆಯ ರವಿವಾರ. ಹಿಟ್ಟಿಗೆ ಮಜ್ಜಿಗೆ ಬಿತ್ತು. ಕರುಣವ್ವ ಮುಷ್ಟಿ ಎತ್ತಿದಳು.

"ಅದನ್ನ ಗುದ್ದಬ್ಯಾಡ್ರಿ!"

ಬಾಗಿಲಲ್ಲಿ ಬ್ಯೂಲಾ ನಿಂತಿದ್ದಳು, ಎಣ್ಣೆ ಹಚ್ಚಿದ ತಲೆ, ಅರ್ಧ ಹೆಣೆದ ಜಡೆ. ಕರುಣವ್ವನ ಮುಷ್ಟಿ ಗಾಳಿಯಲ್ಲೇ ನಿಂತಿತು.

"ಮಮ್ಮಿ ನಾದ್ತಿದ್ದಿಲ್ಲ. ಬೆರಳ ತುದೀಲೆ ಬರೇ ಕೂಡಸ್ತಿದ್ಲು. ನಾ ಇಪ್ಪತ್ತು ಎಣಸೂದ್ರಾಗ ಬೋಗುಣಿಗೆ ಹಾಕಿಬಿಡ್ತಿದ್ಲು."

"ಹಂಗಾದ್ರ ಹಿಟ್ಟು ಅಂಟಂಟ ಇರ್ತೈತಲ್ಲವ್ವಾ?"

"ಇರಲಿ. ಹಂಗ ಇರಬೇಕು."

ಹುಡುಗಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಕರುಣವ್ವನ ಬೆರಳುಗಳು ಹಿಟ್ಟಿನಲ್ಲಿ ಮೆಲ್ಲಗೆ ಓಡಾಡಿದವು. ಮೂವತ್ತು ವರ್ಷ ಒತ್ತಿ, ಬಡಿದು ಬಂದ ಕೈಗೆ ಒತ್ತದೇ ಇರುವುದು ಎಷ್ಟು ಕಷ್ಟ ಎಂದು ನಾನು ಅಂದು ಕಂಡೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ಅಂಗೈ ತನ್ನಷ್ಟಕ್ಕೆ ಒತ್ತಲು ಹೊರಟಿತು. ಬ್ಯೂಲಾ ಓಡಿ ಬಂದು ಅವಳ ಮಣಿಕಟ್ಟು ಹಿಡಿದಳು. "ಸಾಕು," ಎಂದಳು. ಕರುಣವ್ವ ಆ ಮನೆಗೆ ಬಂದ ಏಳು ತಿಂಗಳಲ್ಲಿ ಆ ಮಗು ಅವಳನ್ನು ಮುಟ್ಟಿದ್ದು ಅದೇ ಮೊದಲು.

ಹಿಟ್ಟು ನನ್ನೊಳಗೆ ಬಂತು. ಬ್ಯೂಲಾ ತಾನೇ ಚಾಕು ತಂದು ಎರಡು ಗೀರು ಹಾಕಿದಳು. ತಲೆಯ ಮೇಲೆ ಕೆಂಡ ಬಿತ್ತು. ನಾನು ನನ್ನ ಆಯುಷ್ಯದಲ್ಲೇ ಅಷ್ಟು ಶ್ರದ್ಧೆಯಿಂದ ಕಾದಿರಲಿಕ್ಕಿಲ್ಲ. ಮುಚ್ಚಳ ತೆಗೆದಾಗ ಬ್ರೆಡ್ಡು ಉಬ್ಬಿ, ಗೀರಿನಲ್ಲಿ ನಾಲ್ಕಾಗಿ ಅರಳಿತ್ತು, ದ್ರಾಕ್ಷಿಯ ಘಮ ಓಣಿಯ ತನಕ ಹೋಗಿತ್ತು. ಬ್ಯೂಲಾ ಅದನ್ನು ತಿರುವಿ, ತಳ ಬಡಿದು, ಕಿವಿ ಇಟ್ಟಳು. ಬಹಳ ಹೊತ್ತು ಇಟ್ಟೇ ಇದ್ದಳು.

"ಯಾರೂ ಇಲ್ಲ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ.

"ಹಂಗಂದ್ರ?"

"ಹಂಗಂದ್ರ ಬೆಂದೈತಿ."

ಕರುಣವ್ವ ಒಂದು ತುಂಡು ಕೊಯ್ದು ಬೆಣ್ಣೆ ಸವರಿ ತಾಟಿನಲ್ಲಿಟ್ಟಳು. ತಿನ್ನು ಎನ್ನಲಿಲ್ಲ. ಹುಡುಗಿಗೆ ಬೆನ್ನು ಮಾಡಿ ಶೆಗಡಿಯ ಕೆಂಡ ಕೆದಕುತ್ತ ಕೂತಳು, ಕೆದಕುವಂಥದ್ದೇನೂ ಅಲ್ಲಿ ಉಳಿದಿರಲಿಲ್ಲ. ಹಿಂದಿನಿಂದ ಅಗಿಯುವ ಸದ್ದು ಕೇಳಿಸಿತು. ಆಮೇಲೆ ಮಾತು.

"ಉಪ್ಪು ಕಡಿಮಿ ಆಗೇತಿ."

ಕರುಣವ್ವ ನಕ್ಕಳು, ನಗುತ್ತಲೇ ಅತ್ತಳು. ಬಂಧುಗಳ ಮನೆಗೆ ಹೋದವರು ಉಪ್ಪಿನ ಮಾತೆತ್ತುವುದಿಲ್ಲ, ಕೊಟ್ಟದ್ದನ್ನು ತಿಂದು ಕೈ ತೊಳೆಯುತ್ತಾರೆ. ಉಪ್ಪು ಕಡಿಮೆ ಎಂದು ತಕರಾರು ತೆಗೆಯುವುದು ಮನೆಯ ಮಕ್ಕಳು.

ಈಗ ನನಗೆ ವಯಸ್ಸಾಗಿದೆ. ಮನೆ ಬದಲಿಸುವಾಗ ಮುಚ್ಚಳ ಬಿದ್ದು ಬಿರುಕು ಬಿಟ್ಟಿತು. ಅಡುಗೆಮನೆಯ ಮೂಲೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ, ಹೊಟ್ಟೆಯಲ್ಲಿ ಬೆಳ್ಳುಳ್ಳಿ ತುಂಬಿಕೊಂಡು ಕೂತಿದ್ದೇನೆ. ಬ್ರೆಡ್ಡು ಬೇಯಿಸುವುದು ಕರೆಂಟಿನ ಓವನ್, ಕೆಲಸವನ್ನೇನೋ ನೆಟ್ಟಗೆ ಮಾಡುತ್ತದೆ, ಸುಳ್ಳು ಹೇಳಬಾರದು. ಆನಂದ ಕೆಲಸದಿಂದ ನಿವೃತ್ತನಾದ. ಬ್ಯೂಲಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕರುಣವ್ವನ ಬೆರಳ ಗೆಣ್ಣುಗಳು ಬಾತಿವೆ, ರೊಟ್ಟಿ ಬಡಿಯುವ ಬಲ ಹೋಯಿತು. ಈ ಬ್ರೆಡ್ಡಿಗೆ ಬಲ ಬೇಡ. ಆದ್ದರಿಂದ ರವಿವಾರದ ತಿಂಡಿ ಇಂದಿಗೂ ಅವಳದೇ.

ಒಂದು ಗುಟ್ಟು ಮಾತ್ರ ನನಗೊಬ್ಬನಿಗೇ ಗೊತ್ತು. ಹಿಟ್ಟು ಕೂಡಿಸುವ ಮೊದಲು ಕರುಣವ್ವ ಭರಣಿಯಿಂದ ಸರಿಯಾದ ಅಳತೆಯ ಉಪ್ಪು ತೆಗೆಯುತ್ತಾಳೆ. ಬಾಗಿಲ ಕಡೆ ಒಮ್ಮೆ ನೋಡುತ್ತಾಳೆ. ಆಮೇಲೆ ಅದರಲ್ಲಿ ಒಂದು ಚಿಟಿಕೆಯನ್ನು ಮೆಲ್ಲಗೆ ಭರಣಿಗೇ ಹಿಂದಕ್ಕೆ ಉದುರಿಸುತ್ತಾಳೆ.

ಮುಕ್ಕಾಲು ಗಂಟೆಯ ನಂತರ ಹೊರಗಿನಿಂದ ಬ್ಯೂಲಾಳ ದನಿ ಬರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅದೇ ತಕರಾರು. ಕರುಣವ್ವ ಬಾತ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, "ಮುಂದಿನ ವಾರ ನೋಡ್ಕೊಂಡು ಹಾಕ್ತೀನವ್ವಾ," ಎನ್ನುತ್ತಾಳೆ.